ಉಪ್ಪಾಗೆಗೆ ಎರಡು ಹೆಸರು, ಸಾಫ್ಟ್‌ವೇರಿಗೆ ಮೂರು

ಶಿರಸಿಯ ಮಳೆಗಾಲ, ಕರೆಂಟು ಯಾವಾಗ ಹೋಗುತ್ತದೋ ಹೇಳಲಿಕ್ಕಾಗದು. ಅಂಥ ಹೊತ್ತಲ್ಲೇ ಮಾವನ ಕಂಪ್ಯೂಟರಿನಲ್ಲಿ ಅಡಿಕೆ ಲೆಕ್ಕದ ಶೀಟು ಹ್ಯಾಂಗ್ ಆಯಿತು. ಆ ಶೀಟು ತೆರೆಯುವ ಲಿಬ್ರೆಆಫೀಸ್ ಅನ್ನುವ ಸಾಫ್ಟ್‌ವೇರನ್ನು ನಿಲ್ಲಿಸೋಣ ಅಂತ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆಗೆದೆ. ಅಲ್ಲಿ ಆ ಹೆಸರೇ ಇಲ್ಲ. ಇದ್ದದ್ದು ‘ಸಾಫೀಸ್.ಬಿನ್’.

“ಇದೆಂಥದಾ? ವೈರಸ್ಸಾ?” ಅಂದರು ಮಾವ.

ವೈರಸ್ ಅಲ್ಲ, ಅದರದ್ದೇ ಹಳೇ ಹೆಸರು. ಈ ಸಾಫ್ಟ್‌ವೇರ್ ಮೊದಲು ಜರ್ಮನಿಯ ಸ್ಟಾರ್‌ಆಫೀಸ್. 1999ರಲ್ಲಿ ಸನ್ ಕಂಪನಿ ಅದನ್ನು ಕೊಂಡಿತು. ಮರುವರ್ಷ ಅದರ ಕೋಡನ್ನು, ಅಂದರೆ ಅದನ್ನು ಬರೆದ ಮೂಲ ಸಾಲುಗಳನ್ನು, ಎಲ್ಲರಿಗೂ ತೆರೆದಿಟ್ಟಿತು, ಅದು ಓಪನ್‌ಆಫೀಸ್ ಆಯಿತು. 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಕಂಪನಿಯ ಪಾಲಾದಾಗ, ಓಪನ್‌ಆಫೀಸಿನ ಕೆಲಸ ಮಾಡುತ್ತಿದ್ದ ಬಹಳ ಜನ ಹೊರಬಂದು ತಮ್ಮದೇ ಸಂಸ್ಥೆ ಕಟ್ಟಿದರು. ಹೀಗೆ ತೆರೆದಿಟ್ಟ (ಓಪನ್ ಸೋರ್ಸ್) ಕೋಡನ್ನು ಯಾರು ಬೇಕಾದರೂ ಒಯ್ಯಬಹುದು. ಹೆಸರಿನ ಟ್ರೇಡ್‌ಮಾರ್ಕ್ ಮಾತ್ರ ಕಂಪನಿಯ ಹತ್ತಿರವೇ ಉಳಿಯುತ್ತದೆ. ಹಾಗಾಗಿ ಲಿಬ್ರೆಆಫೀಸ್ ಅಂತ ಹೊಸ ಹೆಸರು. ಒಳಗಿನ ‘ಸಾಫೀಸ್’ ಹೆಸರಿನಲ್ಲಿ ಸ್ಟಾರ್‌ನ ‘ಸ’ ಹಾಗೇ ಉಳಿಯಿತು. ಬೇರೆ ಪ್ರೋಗ್ರಾಮುಗಳು ಅದನ್ನು ಕರೆಯುವುದು ಆ ಹೆಸರಿನಿಂದಲೇ. ಅದನ್ನೂ ಬದಲಿಸಿದರೆ ಅವು ಕೆಲಸ ನಿಲ್ಲಿಸುತ್ತವೆ.

ಹಾಗಾದರೆ ಹೆಸರು ಬದಲಿಸುವುದೇ ಬೇಡವಾ? ಬೇಕು. ಫೋಟೋ ತಿದ್ದುವ ‘ಗಿಂಪ್’ ಗೊತ್ತಲ್ವಾ? ಇಂಗ್ಲಿಷಿನಲ್ಲಿ ಅದು ಕಾಲು ಎಳೆದು ನಡೆಯುವವರನ್ನು ಹೀಯಾಳಿಸುವ ಮಾತೂ ಹೌದು. ನಮ್ಮ ಕಿವಿಗೆ ತಾಗುವುದಿಲ್ಲ, ನಿಜ. ಆದರೆ ‘ಕುಂಟ’ ಅಂತ ಒಂದು ಸಾಫ್ಟ್‌ವೇರಿಗೆ ಹೆಸರಿಟ್ಟು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವಾ? 2019ರಲ್ಲಿ ಕೆಲವರು ಅದೇ ಕೋಡು ಇಟ್ಟುಕೊಂಡು ‘ಗ್ಲಿಂಪ್ಸ್’ ಶುರುಮಾಡಿದರು. ಕೆಲಸ ಮಾಡುವವರು ಸಾಲದೆ 2021ರಲ್ಲಿ ಅದು ನಿಂತುಹೋಯಿತು. ಇಂಥ ಭಾರವನ್ನು ನಾಲ್ಕು ಜನ ಹೊರಗೆ ನಿಂತು ಹೊರಲಿಕ್ಕಾಗದು. ಮೂಲ ಯೋಜನೆಯವರೇ ಬದಲಿಸಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಹೇಗೆ ಬದಲಿಸಬೇಕು ಅನ್ನುವುದನ್ನು ಸಸ್ಯಶಾಸ್ತ್ರದಿಂದ ಕಲಿಯಬಹುದು. ಅತ್ತೆ ಮಳೆಗಾಲದಲ್ಲಿ ಉಪ್ಪಾಗೆ ಅನ್ನುವ ಹುಳಿ ಹಣ್ಣಿನ ಸಿಪ್ಪೆಯನ್ನು ಒಲೆಯ ಮೇಲೆ ಹೊಗೆಗೆ ಒಣಗಿಸುತ್ತಾರೆ, ಕಪ್ಪಗಾಗುವ ತನಕ. ಕೈಗೆ ಅಂಟುತ್ತದೆ, ಹುಳಿ ಮೂಗಿಗೇ ಗೊತ್ತಾಗುತ್ತದೆ. ಆ ಮರವನ್ನು ಮೊದಲು ಗಾರ್ಸಿನಿಯಾ ಕ್ಯಾಂಬೋಜಿಯಾ ಅನ್ನುತ್ತಿದ್ದರು. ಈಗ ಗಾರ್ಸಿನಿಯಾ ಗಮ್ಮಿ-ಗಟ್ಟಾ. ಆದರೂ ಹಳೇ ಹೆಸರನ್ನು ಯಾರೂ ಅಳಿಸಲಿಲ್ಲ. ಹೊಸದರ ಪಕ್ಕದಲ್ಲೇ ಬರೆದಿಟ್ಟಿದ್ದಾರೆ. ತೂಕ ಇಳಿಸುವ ಮಾತ್ರೆಯ ಡಬ್ಬಿಗಳ ಮೇಲೆ ಇವತ್ತಿಗೂ ಕ್ಯಾಂಬೋಜಿಯಾ ಅಂತಲೇ ಇರುತ್ತದೆ. ಆ ಡಬ್ಬಿ ಹಿಡಿದು ಹುಡುಕಿದವರೂ ನಮ್ಮ ಕಾಡಿನ ಮರಕ್ಕೇ ಬಂದು ಮುಟ್ಟುತ್ತಾರೆ.

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವವರಿಗೆ ಇದು ದಿನದ ಅನುಭವ. ಚಿತ್ರಗಳ ಕೆಲಸಕ್ಕೆ ‘ಪಿಲ್ಲೋ’ ಅಂತ ಹಾಕಿಕೊಳ್ಳುತ್ತೇವೆ, ಕೋಡಿನಲ್ಲಿ ಮಾತ್ರ ಅದರ ಮೂಲದ ಹಳೇ ಹೆಸರು ‘ಪಿಐಎಲ್’ ಅಂತಲೇ ಬರೆಯುತ್ತೇವೆ. ಹಳೇ ಕೋಡೂ ಓಡುತ್ತದೆ, ಹೊಸದೂ ಓಡುತ್ತದೆ.

ಸಾಫೀಸನ್ನು ನಿಲ್ಲಿಸಿ ಮತ್ತೆ ತೆರೆದೆ. ಶೀಟು ವಾಪಸ್ ಬಂತು. ಮಾವ ಪೆನ್ನು ತೆಗೆದು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದರು: ‘ಸಾಫೀಸ್ ಅಂದರೆ ಲಿಬ್ರೆಆಫೀಸ್’.