ಐದೂ ಐದೂ ಹತ್ತಾಗದ ಲೆಕ್ಕ

ದಾವಣಗೆರೆಯ ಕುಂದುವಾಡ ಕೆರೆ ಏರಿ ಮೇಲೆ ಹಕ್ಕಿ ಫೋಟೊ ತೆಗೆಯುವವರ ಬಾಯಲ್ಲಿ ಒಂದು ಲೆಕ್ಕ ಓಡಾಡುತ್ತಿರುತ್ತದೆ. ಲೆನ್ಸಿನ ಸ್ಟೆಬಿಲೈಸೇಶನ್, ಅಂದರೆ ಕೈ ಅಲುಗಾಟ ಸರಿಮಾಡುವ ವ್ಯವಸ್ಥೆ, 5 ಸ್ಟಾಪ್, ಕ್ಯಾಮೆರಾ ಬಾಡಿಯದು ಇನ್ನೊಂದು 5, ಒಟ್ಟು 10 ಅಂತೆ! ಒಂದೊಂದು ಸ್ಟಾಪಿಗೂ ಕೈಯಲ್ಲಿ ಹಿಡಿಯಬಹುದಾದ ಸಮಯ ಎರಡು ಪಟ್ಟಾಗುತ್ತದೆ. ಹಾಗಿದ್ದರೆ 1/400 ಸೆಕೆಂಡ್ ಬೇಕಾದ ಕಡೆ ಎರಡೂವರೆ ಸೆಕೆಂಡ್ ಕೈಯಲ್ಲೇ ಹಿಡಿದು ಫೋಟೊ ತೆಗೆಯಬೇಕಿತ್ತು. ದೂರದ್ದನ್ನು ಹತ್ತಿರ ತರುವ 400 ಎಂಎಂ ಲೆನ್ಸ್ ಹಿಡಿದು ಒಮ್ಮೆ ನೋಡಿ, ಗೊತ್ತಾಗುತ್ತದೆ.

ಕ್ಯಾಮೆರಾ ಅರ್ಧ ಡಿಗ್ರಿ ಬಾಗಿತು ಅನ್ನಿ. 24 ಎಂಎಂ ಲೆನ್ಸಿನಲ್ಲಿ ಚಿತ್ರ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮೇಲೆ 0.2 ಮಿಲಿಮೀಟರ್ ಜಾರುತ್ತದೆ. 400 ಎಂಎಂನಲ್ಲಿ 3.5 ಮಿಲಿಮೀಟರ್! ಬಾಡಿಯೊಳಗಿನ ಸೆನ್ಸರ್‌ಗೆ ಅಷ್ಟು ಓಡಲು ಜಾಗ ಎಲ್ಲಿದೆ? ಉದ್ದ ಲೆನ್ಸಿನಲ್ಲಿ ಒಳಗಿನ ಗಾಜನ್ನೇ ಚೂರು ಸರಿಸುವುದು ಸುಲಭ. ಆದರೆ ಕ್ಯಾಮೆರಾ ಗಾಲಿಯಂತೆ ಉರುಳಿದರೆ ಗಾಜು ಏನೂ ಮಾಡಲಾರದು. ದುಂಡಗಿನ ಗಾಜನ್ನು ಹೇಗೆ ತಿರುಗಿಸಿದರೂ ಒಂದೇ ಅಲ್ವಾ? ಅಲ್ಲಿ ಸೆನ್ಸರೇ ತಿರುಗಬೇಕು. ಅಂದರೆ ಇದು ಕೂಡಿಸುವ ಲೆಕ್ಕವಲ್ಲ, ಕೆಲಸ ಹಂಚಿಕೊಳ್ಳುವ ಲೆಕ್ಕ.

ಹಂಚಿಕೊಳ್ಳದಿದ್ದರೆ? ಅತ್ತೆ ಒಮ್ಮೆ, ಸೊಸೆ ಒಮ್ಮೆ ಸಾರಿಗೆ ಉಪ್ಪು ಹಾಕಿದ ಹಾಗೆ. ಬಲಕ್ಕೆ ಬಾಗಿದ್ದನ್ನು ಲೆನ್ಸೂ ಸರಿಮಾಡಿ, ಸೆನ್ಸರೂ ಸರಿಮಾಡಿದರೆ ಚಿತ್ರ ಎಡಕ್ಕೆ ಜಾರಿ ಮತ್ತೆ ಮಸುಕು. ಹಾಗಾಗಿ ಎರಡೂ ಮಾತಾಡಿಕೊಳ್ಳಬೇಕು.

ಈ ಮಾತುಕತೆ ಶುರುವಾಗಲು ವರ್ಷಗಳೇ ಬೇಕಾದವು. 1995ರಲ್ಲಿ ಕ್ಯಾನನ್ 75–300 ಲೆನ್ಸಿಗೆ ಸ್ಟೆಬಿಲೈಸೇಶನ್ ತಂದಾಗ ಕ್ಯಾಮೆರಾದಲ್ಲಿ ಇದ್ದದ್ದು ಫಿಲ್ಮ್. ರೋಲನ್ನು ಅಲ್ಲಾಡಿಸಲು ಆಗುತ್ತದೆಯೇ? ಸೆನ್ಸರ್ ಬಂದ ಮೇಲೆ, 2003ರಲ್ಲಿ, ಮಿನೋಲ್ಟಾ ಅದನ್ನು ಅಲುಗಾಡಿಸಿತು. 2015ರಲ್ಲಿ ಪ್ಯಾನಸೋನಿಕ್ ಜಿಎಕ್ಸ್8 ಕ್ಯಾಮೆರಾ ಲೆನ್ಸು, ಸೆನ್ಸರ್ ಎರಡನ್ನೂ ಜೋಡಿಸಿತು. ಕ್ಯಾನನ್ನಿನ 24–105 ಎಫ್/4 ಆರ್‌ಎಫ್ ಲೆನ್ಸ್ ಒಂಟಿಯಾಗಿ 5 ಸ್ಟಾಪ್, ಆರ್5 ಬಾಡಿಯ ಜೊತೆ 8 ಎಂದು ಕಂಪನಿಯೇ ಹೇಳುತ್ತದೆ. ಹತ್ತಲ್ಲ, ನೋಡಿ.

ಹೀಗೆ ಸ್ಟಾಪ್ ಹೆಚ್ಚಿಸುತ್ತಾ ಹೋದರೆ ಅಡ್ಡ ಬರುವುದು ಯಾರು ಗೊತ್ತಾ? ಭೂಮಿ! ಅಲುಗಾಟ ಅಳೆಯುವ ಗೈರೊಗೆ ಕೈ ತಿರುಗಿದ್ದೋ ಭೂಮಿ ತಿರುಗಿದ್ದೋ ತಿಳಿಯದು. ಗೈರೊಸ್ಕೋಪಿನ ಹುಟ್ಟೇ ಅಲ್ಲಿ: 1852ರಲ್ಲಿ ಫ್ರಾನ್ಸಿನ ವಿಜ್ಞಾನಿ ಫೂಕೋ ಅದನ್ನು ಮಾಡಿದ್ದು ಭೂಮಿ ತಿರುಗುವುದನ್ನು ತೋರಿಸಲಿಕ್ಕೆ. ಭೂಮಿ ತಿರುಗುವುದು ಗಂಟೆಗೆ 15 ಡಿಗ್ರಿ. ಚಿತ್ರದುರ್ಗದ ಕೋಟೆ ಮೇಲೆ 300 ಎಂಎಂ ಲೆನ್ಸನ್ನು ಪೂರ್ವಕ್ಕೆ ಹಿಡಿದು ಒಂದು ಸೆಕೆಂಡ್ ತೆಗೆಯಿರಿ. ಬಂಡೆಯೂ ಕ್ಯಾಮೆರಾವೂ ಭೂಮಿಯ ಜೊತೆಗೇ ತಿರುಗುತ್ತಿವೆ, ಸರಿಪಡಿಸಲು ಏನೂ ಇಲ್ಲ. ಆದರೂ ಗೈರೊ ಮಾತು ನಂಬಿ ಕ್ಯಾಮೆರಾ ‘ಸರಿಪಡಿಸಿದರೆ’ ಚಿತ್ರ 0.02 ಮಿಲಿಮೀಟರ್ ಜಾರುತ್ತದೆ. ಸೆನ್ಸರಿನ ಒಂದೊಂದು ಚುಕ್ಕಿ, ಅಂದರೆ ಪಿಕ್ಸೆಲ್, 4 ಮೈಕ್ರಾನ್ (0.004 ಮಿಲಿಮೀಟರ್) ಇದ್ದರೆ ಐದು ಪಿಕ್ಸೆಲ್ ಮಸುಕು. ನಾವಿರುವುದು 14 ಡಿಗ್ರಿ ಅಕ್ಷಾಂಶದಲ್ಲಿ, ಭೂಮಿಯ ಅಕ್ಷ ಹೆಚ್ಚುಕಡಿಮೆ ಉತ್ತರಕ್ಕೆ ಮಲಗಿದೆ. ಅದೇ ಲೆನ್ಸನ್ನು ಉತ್ತರಕ್ಕೆ ತಿರುಗಿಸಿದರೆ ಈ ಕಾಟ ಕಾಲು ಭಾಗಕ್ಕೆ ಇಳಿಯುತ್ತದೆ.