ಬರೆಯದ ಎಂಟು ಪೆನ್ನುಗಳು

ನನ್ನ ಮೇಜಿನ ಪೆನ್ ಸ್ಟ್ಯಾಂಡಿನಲ್ಲಿ ಹನ್ನೊಂದು ಪೆನ್ನುಗಳಿದ್ದವು. ಮೊನ್ನೆ ಒಂದೊಂದನ್ನೇ ತೆಗೆದು ಹಳೇ ಲಕೋಟೆಯ ಮೇಲೆ ಗೀಚಿ ನೋಡಿದೆ. ಬರೆದದ್ದು ಮೂರೇ. ಉಳಿದ ಎಂಟನ್ನು ಏನು ಮಾಡಿದೆ ಅಂತೀರಾ? ಮತ್ತೆ ಅಲ್ಲೇ ಸಿಕ್ಕಿಸಿದೆ, ರೀಫಿಲ್ ಹಾಕಿದರೆ ಬರೆದಾವು ಎಂಬ ಆಸೆ. ಸ್ಟ್ಯಾಂಡು ಇಕ್ಕಟ್ಟಾಯಿತು ಅನ್ನಿಸಿದಾಗ ಅದಕ್ಕಿಂತ ದೊಡ್ಡದನ್ನು ಹುಡುಕತೊಡಗಿದೆ!

ಈ ಪೆದ್ದುತನ ನನ್ನೊಬ್ಬನದೇ ಅಲ್ಲ. 2021ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಮಕ್ಕಳು ಜೋಡಿಸಿ ಆಡುವ ಲೆಗೊ ಬ್ಲಾಕುಗಳ ಪುಟ್ಟ ಕಟ್ಟಡ. ಅದರ ಚಾವಣಿ ನಿಂತಿರುವುದು ಮೂಲೆಯ ಒಂದೇ ಒಂದು ಬ್ಲಾಕಿನ ಮೇಲೆ. ಮೇಲೆ ಇಟ್ಟಿಗೆ ಹೇರಿದರೂ ಕುಸಿಯದಂತೆ ಅದನ್ನು ಭದ್ರ ಮಾಡಬೇಕು. ಹೊಸದಾಗಿ ಸೇರಿಸುವ ಪ್ರತಿ ಬ್ಲಾಕಿಗೂ ಬಹುಮಾನದಲ್ಲಿ 10 ಸೆಂಟ್ ಕಡಿತ. ಆ ಒಂಟಿ ಬ್ಲಾಕನ್ನೇ ಕಿತ್ತುಬಿಟ್ಟರೆ ಚಾವಣಿ ಕೆಳಗಿನ ಅಗಲವಾದ ತಳದ ಮೇಲೆ ಕೂರುತ್ತದೆ, ಕೆಲಸ ಮುಗಿಯಿತು. ಆದರೂ ಹೆಚ್ಚಿನವರು ಸೇರಿಸಿದರು. ‘ತೆಗೆಯುವುದಕ್ಕೆ ಏನೂ ಖರ್ಚಿಲ್ಲ’ ಎಂದು ಬಾಯಿಬಿಟ್ಟು ಹೇಳಿದಾಗ ಮಾತ್ರ ತೆಗೆದವರ ಸಂಖ್ಯೆ ಏರಿತು. ಅಂದರೆ ತೆಗೆಯುವುದು ಬೇಡ ಎಂದು ಅವರು ತೀರ್ಮಾನಿಸಿರಲಿಲ್ಲ, ಅದು ಹೊಳೆದೇ ಇರಲಿಲ್ಲ.

ಹೊಳೆದರೂ ಕೈ ಬರಬೇಕಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್, ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಅವರ ಸಹೋದ್ಯೋಗಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ವಿದ್ಯಾರ್ಥಿಗಳ ಕೈಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದ್ದರು. ಮಗ್ ಸಿಗದವರು ಕೊಡಲೊಪ್ಪಿದ ಬೆಲೆಯ ಸುಮಾರು ಎರಡರಷ್ಟನ್ನು ಇವರು ಕೇಳಿದರು. ಕೆಲವೇ ನಿಮಿಷಗಳ ಒಡೆತನಕ್ಕೆ ಇಷ್ಟು ಮೋಹ!

ಬರೆಯದ ಪೆನ್ನು ಸುಮ್ಮನೆ ನಿಂತರೆ ಯಾರಿಗೇನು ನಷ್ಟ? ನಷ್ಟ ಕಣ್ಣಿನ ಹಿಂದೆ ಆಗುತ್ತದೆ. ಒಟ್ಟಿಗೆ ಕಣ್ಣಿಗೆ ಬಿದ್ದ ವಸ್ತುಗಳು ಮಿದುಳಿನ ದೃಷ್ಟಿ ಭಾಗದಲ್ಲಿ ಪೈಪೋಟಿಗೆ ಬೀಳುತ್ತವೆ. ಒಂದರ ಸಂಕೇತವನ್ನು ಇನ್ನೊಂದು ಅದುಮುತ್ತದೆ. ಬೇಕಾದ್ದನ್ನು ಎತ್ತಿಹಿಡಿದು ಬೇಡದ್ದನ್ನು ಹಿಂದೆ ಸರಿಸುವುದು ಗಮನದ ಕೆಲಸ, ಅದು ಬಿಟ್ಟಿಯಲ್ಲ. ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬಹುದಾದ ಸಂಗತಿಗಳು ನಾಲ್ಕರ ಆಸುಪಾಸು ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲೇ ವಾದಿಸಿದ್ದರು.

ಹಾಗಂತ ಮನೆಯನ್ನೆಲ್ಲ ಖಾಲಿ ಮಾಡಿ ಚಾಪೆಯ ಮೇಲೆ ಕೂರಿ ಎನ್ನುವವರ ಮಾತು ನನಗೆ ರುಚಿಸದು. ಪೈಪೋಟಿ ಕಣ್ಣೆದುರಿನ ವಸ್ತುಗಳದ್ದು. ಮುಚ್ಚಿದ ಡ್ರಾಯರಿನೊಳಗೆ ಏನಿದ್ದರೂ ಅದು ಈ ಜಗಳಕ್ಕೆ ಬರುವುದಿಲ್ಲ.

ಎಂಟು ಪೆನ್ನುಗಳನ್ನೂ ಮತ್ತೆ ಹೊರತೆಗೆದೆ. ಇದು ನನ್ನದಲ್ಲದೆ ಅಂಗಡಿಯಲ್ಲಿದ್ದರೆ ಎಷ್ಟು ಕೊಟ್ಟು ಕೊಳ್ಳುತ್ತಿದ್ದೆ ಎಂದು ಒಂದೊಂದಕ್ಕೂ ಕೇಳಿಕೊಂಡೆ. ಏಳು ಹೋದವು. ಎಂಟನೆಯದೂ ಹೋಯಿತು, ಆದರೆ ಅದರ ಮುಚ್ಚಳ ಉಳಿಯಿತು. ಬರೆಯುವ ಮೂರರಲ್ಲಿ ಒಂದಕ್ಕೆ ಎಷ್ಟೋ ದಿನದಿಂದ ಮುಚ್ಚಳವಿರಲಿಲ್ಲ.