ಭಾವನ ಕೊಬ್ಬು ಎಲ್ಲಿತ್ತು?

ತೀರ್ಥಹಳ್ಳಿ ಕಡೆಯ ನಮ್ಮ ಭಾವ ಅಂಗಿ ತೊಟ್ಟು ನಿಂತರೆ ಥೇಟ್ ಅಡಿಕೆ ಮರ. ಹೋದ ವರ್ಷ ಅವರಿಗೆ ಶುಗರ್ ಬಂತು. ಸ್ಕ್ಯಾನ್ ಮಾಡಿಸಿದರೆ ಲಿವರ್‌ನಲ್ಲಿ ಕೊಬ್ಬು ಅಂತ ಬರೆದಿದ್ದರು. "ನನ್ನ ಮೈಯಲ್ಲಿ ಕೊಬ್ಬು ಎಲ್ಲಿದೆ ಮಾರಾಯ?" ಅಂತ ನನ್ನನ್ನೇ ಕೇಳಿದರು. "ಮಾತಿನಲ್ಲಿದೆ" ಅಂದಳು ಅಕ್ಕ. ಅವಳು ದಪ್ಪ, ಆದರೆ ಅವಳ ರಿಪೋರ್ಟ್ ಎಲ್ಲಾ ನಾರ್ಮಲ್.

ಮಳೆಗಾಲಕ್ಕೆ ಮುಂಚೆ ನಾವು ಕೊಟ್ಟಿಗೆಯಲ್ಲಿ ಸೌದೆ ಒಟ್ಟಿಡುತ್ತೇವಲ್ಲ, ಚರ್ಮದ ಕೆಳಗಿನ ಕೊಬ್ಬು ಹಾಗೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟದಲ್ಲಿ ಬರೀ 4. ಕೂಡಿಡುವುದಕ್ಕೆ ಕೊಬ್ಬೇ ಸರಿ. ಕೊಟ್ಟಿಗೆ ದೊಡ್ಡದಿದ್ದರೆ ಸೌದೆ ಸ್ವಲ್ಪ ಜಾಸ್ತಿಯಾದರೂ ನಡೆಯುತ್ತದೆ. ಚಿಕ್ಕದಿದ್ದರೆ ಮಿಕ್ಕಿದ್ದನ್ನು ಜಗಲಿಗೆ, ಅಡುಗೆಮನೆಗೆ, ಕೊನೆಗೆ ಮಲಗುವ ಕೋಣೆಗೂ ತಂದು ಒಟ್ಟಬೇಕಾಗುತ್ತದೆ, ಅಲ್ವಾ? ಮೈಯೊಳಗೂ ಹಾಗೆಯೇ, ಜಾಗ ಸಾಲದ ಕೊಬ್ಬು ಕರುಳಿನ ಸುತ್ತ, ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಹೋಗಿ ಕೂರುತ್ತದೆ. ಆಮೇಲೆ ಲಿವರ್ ಇನ್ಸುಲಿನ್ ಮಾತು ಕೇಳುವುದಿಲ್ಲ, ಬೇಡ ಅಂದರೂ ರಾತ್ರಿಯೆಲ್ಲ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಊಟ ಬಿಟ್ಟು ಮಲಗಿದರೂ ಬೆಳಗಿನ ಶುಗರ್ ಏರಿರುವುದು ಹೀಗೆ.

ಹಾಗಾದರೆ ಕೊಟ್ಟಿಗೆಯೇ ಇಲ್ಲದಿದ್ದರೆ? ಅಪರೂಪಕ್ಕೆ ಕೆಲವರು ಚರ್ಮದಡಿಯ ಕೊಬ್ಬು ಹೆಚ್ಚುಕಡಿಮೆ ಇಲ್ಲದೆಯೇ ಹುಟ್ಟುತ್ತಾರೆ. ನೋಡಲು ಕಡೆದಿಟ್ಟ ಮೈ. ಆದರೆ ಅವರಲ್ಲಿ ಬಹಳ ಜನಕ್ಕೆ ಜೋರು ಡಯಾಬಿಟಿಸ್, ಲಿವರ್ ತುಂಬ ಕೊಬ್ಬು. ಹೊಟ್ಟೆಗೆ ಎಷ್ಟು ಹಾಕಿದರೂ ಹಸಿವು. ಯಾಕೆಂದರೆ 'ಸೌದೆ ಸಾಕಷ್ಟಿದೆ' ಅಂತ ಮಿದುಳಿಗೆ ಹೇಳಿ ಕಳಿಸುವ ಲೆಪ್ಟಿನ್ ತಯಾರಾಗುವುದೇ ಕೊಬ್ಬಿನಲ್ಲಿ. ಈ ಹಾರ್ಮೋನು ಗೊತ್ತಾಗಿದ್ದು 1994ರಲ್ಲಿ. ಅಲ್ಲಿಯವರೆಗೆ ಕೊಬ್ಬು ಅಂದರೆ ಸುಮ್ನೆ ಬಿದ್ದಿರುವ ಮೂಟೆ ಅಂತಲೇ ಹೆಚ್ಚಿನವರ ಲೆಕ್ಕ.

ನಮ್ಮ ದೇಶದವರಲ್ಲಿ ಈ ಕೊಟ್ಟಿಗೆ ಚಿಕ್ಕದು ಅನ್ನುವ ವಾದವಿದೆ, ನನಗೂ ಸರಿ ಅನ್ನಿಸುತ್ತದೆ. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ತಮ್ಮದೇ ಫೋಟೊ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 22.3. ಕೊಬ್ಬು ಮಾತ್ರ ಯುಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕ್‌ಗೆ 21.2! ತೂಕದ ಯಂತ್ರ ನಂಬಿದರೆ ಇಷ್ಟೇ ಕಥೆ.

ಅದಕ್ಕೇ ಟೇಪು ವಾಸಿ. ಹೊಟ್ಟೆಯ ಸುತ್ತಳತೆ ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಅನ್ನುತ್ತಾರೆ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಅಕ್ಕ ಹೊಲಿಗೆ ಡಬ್ಬಿಯಿಂದ ಟೇಪು ತಂದಳು. ಭಾವ ಅಂಗಿ ಎತ್ತಿದರು, ಪಂಚೆಯ ಮೇಲೆ ಮಡಕೆ ಕವುಚಿದ ಹಾಗೆ ಪುಟ್ಟ ಹೊಟ್ಟೆ. ಉಸಿರು ಎಳೆದುಕೊಂಡು ನಿಂತರು. ಅವಳು ಬಿಡಲಿಲ್ಲ, ಅವರು ಉಸಿರು ಬಿಡುವವರೆಗೂ ಕಾದಳು. 94.

"ಟೇಪು ಹಳೇದು" ಅಂದರು ಭಾವ.